ಗೇರು ಮೇಲೇರಿದರೆ ಖರ್ಚು ಇಳಿಯುವುದೇ?

ಮನೆಗೊಂದು ಕಾರು ಬಂದಿತೆಂದರೆ ಖರ್ಚಿನ ಪುಸ್ತಕದಲ್ಲಿ ಹೊಸದೊಂದು ಪುಟ ತೆರೆಯಬೇಕಾಗುತ್ತದೆ. ದಿನಸಿ, ಹಾಲು, ಮಕ್ಕಳ ಶಾಲೆಯ ಶುಲ್ಕಗಳ ಸಾಲಿಗೆ ಪೆಟ್ರೋಲೂ ಬಂದು ಸೇರುತ್ತದೆ. ಬಾಡಿಗೆಗೆ ಕಾರು ಓಡಿಸಿ ಬದುಕುವವರಿಗಂತೂ ಲೀಟರಿಗೆ ಎಷ್ಟು ಕಿಲೋಮೀಟರು ಎಂಬುದು ಒಲೆಯ ಮೇಲಿನ ಗಡಿಗೆಯ ಪ್ರಶ್ನೆ. ಆದುದರಿಂದಲೇ ಮೈಲೇಜು ಹೆಚ್ಚಿಸುವ ಉಪಾಯ ಹೇಳುವವರಿಗೆ ಎಲ್ಲೆಡೆಯೂ ಕೇಳುಗರು ದೊರೆಯುತ್ತಾರೆ. ಅಂತಹ ಒಂದು ಉಪಾಯದ ಹುರುಳೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹುಬ್ಬಳ್ಳಿಯ ಕಡೆಯ ನಮ್ಮ ಪರಿಚಯದ ಯುವಕನೊಬ್ಬನು ಸಾಲ ಮಾಡಿ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಾನೆ. ಒಂದು ದಿನ ಆತನು ಬಂದು, “ಕಾಕಾರ, ಟೈರು ದೊಡ್ಡವು ಹಾಕಿದ್ರ ಗೇರು ಮ್ಯಾಲೇರಿದಂಗ ಆಕ್ಕೈತಂತ. ಪೆಟ್ರೋಲು ಭಾಳ ಉಳೀತೈತಿ ಅಂತಾರ” ಎಂದನು. ಯಾರೋ ಮೆಕ್ಯಾನಿಕ್ ಹಾಗೆ ಹೇಳಿದ್ದನಂತೆ. ನಾವು ಆಗ ನಿಶ್ಚಯವಾಗಿ ಬೇಡವೆನ್ನಲಿಲ್ಲ. ಬಲ್ಲವರನ್ನು ಕೇಳಿ ಹೇಳುವೆವೆಂದೆವು. ನಾವು ಕೇಳಿ ತಿಳಿಯುವಷ್ಟರಲ್ಲಿ ಆತನು ಟೈರು ಬದಲಿಸಿಯಾಗಿತ್ತು.

ಆ ಮಾತಿನಲ್ಲಿ ಸತ್ಯವೇ ಇರಲಿಲ್ಲವೆಂದಲ್ಲ. ಒಂದು ಲೆಕ್ಕವನ್ನು ನೋಡೋಣ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಕಾರು ನಿಮಿಷಕ್ಕೆ 1000 ಮೀಟರು ಸಾಗುತ್ತದೆ. ಗಾಲಿಯ ಸುತ್ತಳತೆ 1.6 ಮೀಟರು ಎಂದಿಟ್ಟುಕೊಂಡರೆ ಅದು ನಿಮಿಷಕ್ಕೆ 625 ಸುತ್ತು ತಿರುಗಬೇಕು. ನಾಲ್ಕನೆಯ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ ನಾಲ್ಕು ಸುತ್ತು ತಿರುಗುವುದಾದರೆ, ನಿಮಿಷಕ್ಕೆ 2500 ಸುತ್ತುಗಳಾದವು. ಐದನೆಯ ಗೇರಿನಲ್ಲಿ ಅದೇ ನಾಲ್ಕು ಸುತ್ತು 3.2ಕ್ಕೆ ಇಳಿದರೆ, 2000 ಸುತ್ತು ಸಾಕು. ವೇಗವೂ ಅದೇ, ದಾರಿಯೂ ಅದೇ; ಕಿಲೋಮೀಟರಿಗೆ 500 ಸುತ್ತು ಉಳಿಯಿತು.

ಆದರೆ ಸುತ್ತು ಐದರಲ್ಲೊಂದು ಪಾಲು ಉಳಿದ ಮಾತ್ರಕ್ಕೆ ಪೆಟ್ರೋಲೂ ಅಷ್ಟೇ ಉಳಿಯುವುದಿಲ್ಲ. ಕಾರನ್ನು ನೂಕಲು ಬೇಕಾದ ಶಕ್ತಿ ಕಡಿಮೆಯಾಗಿಲ್ಲವಷ್ಟೆ. ಕಡಿಮೆ ಸುತ್ತಿನಲ್ಲಿ ಅಷ್ಟೇ ಕೆಲಸ ನಡೆಯಬೇಕಾದರೆ ಒಂದೊಂದು ಸುತ್ತಿನಲ್ಲಿಯೂ ಹೆಚ್ಚು ಇಂಧನ ಉರಿಯಬೇಕು. ಹಾಗಿದ್ದರೆ ಉಳಿತಾಯ ಎಲ್ಲಿಂದ? ಅದಕ್ಕೆ ಕಾರಣಗಳು ಎರಡು. ಮೊದಲನೆಯದು ತಿಕ್ಕಾಟ. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಉಜ್ಜುವುದು, ಬೇರಿಂಗುಗಳು ತಿರುಗುವುದು, ವಾಲ್ವುಗಳು ಏರಿಳಿಯುವುದು, ಎಲ್ಲಕ್ಕೂ ಪ್ರತಿ ಸುತ್ತಿಗೆ ಇಷ್ಟಿಷ್ಟು ಶಕ್ತಿ ವೆಚ್ಚವಾಗುತ್ತದೆ. ಸುತ್ತು ಕಡಿಮೆಯಾದರೆ ಆ ತೆರಿಗೆಯೂ ಕಡಿಮೆ.

ಎರಡನೆಯದು ಉಸಿರಾಟ. ಪೆಟ್ರೋಲ್ ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಥ್ರಾಟಲ್ ಎಂಬ ಮುಚ್ಚಳವಿರುತ್ತದೆ. ಆಕ್ಸಿಲರೇಟರನ್ನು ಸ್ವಲ್ಪವೇ ಒತ್ತಿದಾಗ ಅದು ಬಹುಪಾಲು ಮುಚ್ಚಿಯೇ ಇರುತ್ತದೆ. ಆಗ ಪಿಸ್ಟನ್ನು ಆ ಕಿರಿದಾದ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳುವುದು, ಹಿಸುಕಿದ ಕೊಳವೆಯಿಂದ ಎಳನೀರು ಹೀರಿದಂತೆ. ಹೀರುವುದರಲ್ಲಿಯೇ ಶಕ್ತಿ ಸೋರಿಹೋಗುತ್ತದೆ. ಮೇಲಿನ ಗೇರಿನಲ್ಲಿ ಮುಚ್ಚಳವನ್ನು ಹೆಚ್ಚು ತೆರೆಯಬೇಕಾಗುವುದರಿಂದ ಈ ನಷ್ಟ ತಗ್ಗುತ್ತದೆ. ಡೀಸೆಲ್ ಎಂಜಿನ್ನುಗಳು ಸಾಮಾನ್ಯವಾಗಿ ಇಂತಹ ಮುಚ್ಚಳದಿಂದ ಗಾಳಿಯನ್ನು ತಡೆದು ಶಕ್ತಿಯನ್ನು ಅಳೆಯುವುದಿಲ್ಲ. ಅವು ಮಿತವ್ಯಯಿಗಳೆನಿಸಲು ಇದೂ ಒಂದು ಕಾರಣ.

ಈ ತತ್ತ್ವವನ್ನು ವಾಹನ ತಯಾರಕರು ಮೊದಲಿನಿಂದಲೂ ಬಲ್ಲರು. ಆದರೆ ಅದಕ್ಕೆ ಬೆಲೆ ಬಂದದ್ದು ತೈಲದ ಬೆಲೆ ಏರಿದ ಮೇಲೆ. 1973ರ ಅಕ್ಟೋಬರಿನ ಪಶ್ಚಿಮ ಏಷ್ಯಾ ಯುದ್ಧದ ಬೆನ್ನಿಗೆ ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಮೆರಿಕವು 1974ರಲ್ಲಿ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ ಮಿತಿಗೊಳಿಸಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು 1981ರಲ್ಲಿ ‘ಫಾರ್ಮೆಲ್ ಇ’ ಎಂಬ ಮಾದರಿಗಳನ್ನು ಹೊರತಂದಿತು. ಗಾಲ್ಫ್ ಕಾರಿನಲ್ಲಿ ನಾಲ್ಕು ಗೇರುಗಳ ಮೇಲೆ ‘ಇ’ ಎಂಬ ಮಿತವ್ಯಯದ ಗೇರೊಂದಿತ್ತು. ಗೇರು ಬದಲಿಸುವ ಸಮಯವನ್ನು ಸೂಚಿಸುವ ದೀಪವೂ ಇತ್ತು. ಇಂದು ಅನೇಕ ಕಾರುಗಳಲ್ಲಿ ಕಾಣುವ ಮೇಲ್ಮುಖ ಬಾಣದ ಗುರುತು ಇದೇ ಕೆಲಸವನ್ನು ಮಾಡುತ್ತದೆ.

ನಮ್ಮ ದೇಶದಲ್ಲಿಯೂ ಇದೇ ನಡೆ. ಅಂಬಾಸಿಡರ್ ಕಾರು ಬಹುಕಾಲ ನಾಲ್ಕು ಗೇರುಗಳಲ್ಲಿಯೇ ಓಡಿತು; 1990ರ ದಶಕದಲ್ಲಿ ಇಸುಜು ಎಂಜಿನ್ನಿನೊಡನೆ ಅದಕ್ಕೆ ಐದು ಗೇರುಗಳು ಬಂದವು. 1983ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800 ಕಾರಿಗೆ ನಾಲ್ಕೇ ಗೇರು. ಮುಂದೆ ಅದರ ಒಂದು ಮಾದರಿಗೆ ಐದನೆಯದು ಸೇರಿತು. ಆ ಎರಡು ಕಾರುಗಳ ತಯಾರಿಕೆಯೂ 2014ರಲ್ಲಿ ನಿಂತಿತು. ಈಗಿನ ಕಾರುಗಳಿಗೆ ಐದು, ಆರು ಗೇರುಗಳು ಸಾಮಾನ್ಯ.

ಇನ್ನು ನಮ್ಮ ಯುವಕನ ಕಥೆ. ದೊಡ್ಡ ಟೈರು ಹಾಕಿ ಆತನು ಐವರನ್ನು ಗೋಕರ್ಣಕ್ಕೆ ಕರೆದೊಯ್ದನು. ಹೋಗುವಾಗ ಇಳಿಜಾರು, ಏನೂ ತಿಳಿಯಲಿಲ್ಲ. ಹಿಂದಿರುಗುವಾಗ ಅರಬೈಲ್ ಘಾಟಿನ ಏರಿನಲ್ಲಿ ಕಾರು ಏದುಸಿರು ಬಿಟ್ಟಿತು. ಎರಡನೆಯ ಗೇರಿನಲ್ಲಿ ಏರುತ್ತಿದ್ದ ತಿರುವುಗಳಿಗೆ ಮೊದಲನೆಯದು ಬೇಕಾಯಿತು; ಕ್ಲಚ್ಚನ್ನು ಅರ್ಧ ಒತ್ತಿಯೇ ಏರಿಸಿದನು. ತಿಂಗಳೊಳಗೆ ಕ್ಲಚ್ ಪ್ಲೇಟು ಸವೆದುಹೋಯಿತು. ಟೈರಿನ ಹಣ, ಕ್ಲಚ್ಚಿನ ಹಣ ಎರಡೂ ಸೇರಿ ಆ ತಿಂಗಳ ಸಾಲದ ಕಂತು ತಪ್ಪಿತು.

ಉಳಿತಾಯವಾದರೂ ಆಯಿತೇ ಎಂದು ಆತನ ಚೀಟಿಯನ್ನು ನೋಡಿದೆವು. ಅಲ್ಲಿಯೂ ಒಂದು ಮೋಸವಿತ್ತು. ಕಿಲೋಮೀಟರಿನ ಯಂತ್ರ ದಾರಿಯನ್ನು ಅಳೆಯುವುದಿಲ್ಲ, ಗಾಲಿಯ ಸುತ್ತುಗಳನ್ನು ಎಣಿಸುತ್ತದೆ. ಸುತ್ತಳತೆ ನೂರಕ್ಕೆ ಐದರಷ್ಟು ಹೆಚ್ಚಿದರೆ, 105 ಕಿಲೋಮೀಟರು ಓಡಿದರೂ ಅದು 100 ಎಂದೇ ತೋರಿಸುತ್ತದೆ. ವೇಗವೂ ಹಾಗೆಯೇ, ಮುಳ್ಳು ತೋರಿಸುವುದಕ್ಕಿಂತ ಕಾರು ವೇಗವಾಗಿ ಓಡುತ್ತಿರುತ್ತದೆ. ಇದು ಲೆಕ್ಕದ ತಪ್ಪು ಮಾತ್ರವಲ್ಲ, ಜೀವಕ್ಕೆ ಅಪಾಯ. ಅದಲ್ಲದೆ ಆತನ ದುಡಿಮೆಯೆಲ್ಲ ಊರೊಳಗಿನ ಓಡಾಟ ಮತ್ತು ಘಾಟು. ಅಲ್ಲಿ ಟಾಪ್ ಗೇರಿಗೆ ಕೆಲಸವೇ ಇಲ್ಲ. ಸಮತಟ್ಟಾದ ಹೆದ್ದಾರಿಯ ಮದ್ದನ್ನು ಘಾಟಿನ ರೋಗಿಗೆ ಕೊಟ್ಟಂತಾಯಿತು.

ಕಾರು ತಯಾರಿಸುವವರು ಎಂಜಿನ್ನಿನ ಬಲ, ಗಾಡಿಯ ತೂಕ, ಟೈರಿನ ಅಳತೆ ಇವೆಲ್ಲವನ್ನೂ ತೂಗಿ ಗೇರಿನ ಅನುಪಾತವನ್ನು ನಿಶ್ಚಯಿಸಿರುತ್ತಾರೆ. ಅದರಲ್ಲಿ ಒಂದನ್ನು ಕದಲಿಸಿದರೆ ಉಳಿದವೂ ಕದಲುತ್ತವೆ. ಆತನು ಮೊದಲಿನ ಅಳತೆಯ ಟೈರುಗಳಿಗೆ ಮರಳಿದನು. ಬದಲಿಸಬೇಕಾದದ್ದು ಕಾರನ್ನಲ್ಲ, ಓಡಿಸುವ ರೀತಿಯನ್ನು ಎಂದು ಆತನಿಗೂ ನಮಗೂ ತಿಳಿಯಿತು.

ಆ ರೀತಿ ಕಠಿಣವಾದುದಲ್ಲ. ಎಂಜಿನ್ ಕಿರಿಚುವವರೆಗೆ ಕಾಯದೆ ಬೇಗನೆ ಮೇಲಿನ ಗೇರಿಗೆ ಹೋಗಬೇಕು. ಆದರೆ ಗಾಡಿ ಜಗ್ಗಾಡಿದರೆ, ಎಂಜಿನ್ನಿನಿಂದ ಟಕಟಕ ಸದ್ದು ಬಂದರೆ, ಹಟ ಮಾಡದೆ ಕೆಳಗಿನ ಗೇರಿಗೆ ಇಳಿಸಬೇಕು. ಹಾಗೆ ಹಿಂಸಿಸಿದರೆ ಬೇರಿಂಗುಗಳಿಗೂ ಪಿಸ್ಟನ್ನುಗಳಿಗೂ ಕೇಡು. ಟಾಪ್ ಗೇರಿನಲ್ಲಿ ಎಂಜಿನ್ ಶಾಂತವಾಗಿದೆಯೆಂದು ವೇಗ ಹೆಚ್ಚಿಸಿದರೆ ಗಳಿಸಿದ್ದೆಲ್ಲ ಗಾಳಿಗೆ ಹೋಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 100 ಕಿಲೋಮೀಟರಿಗೆ ಹೋದರೆ ಅದು ಒಂದೂವರೆ ಪಟ್ಟಿಗೂ ಮಿಗಿಲು.

ಘಾಟು ಇಳಿಯುವಾಗ ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ ಮಾಡುವವರೂ ಉಂಟು. ಇಂಧನ ಇಂಜೆಕ್ಷನ್ ಇರುವ ಈಗಿನ ಕಾರುಗಳಲ್ಲಿ, ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿಯಾದರೋ ಎಂಜಿನ್ ಆರದಿರಲು ಇಂಧನ ಬೇಕೇ ಬೇಕು. ಉಳಿತಾಯವೂ ಇಲ್ಲ, ಬ್ರೇಕು ಕಾದು ಸೋಲುವ ಭಯ ಬೇರೆ. ಮನೆಯ ಹುಡುಗರಿಗೆ ಇದನ್ನು ಹಿರಿಯರು ಒತ್ತಿ ಹೇಳಬೇಕು.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಒಂದು ಮನೆಯ ಅರ್ಧ ಲೀಟರಿನ ಉಳಿತಾಯ ಅಲ್ಪವೆನಿಸಬಹುದು. ಆದರೆ ಅದು ಆ ಮನೆಯ ದುಡ್ಡು, ದೇಶದ ದುಡ್ಡು, ಬೀದಿಯಲ್ಲಿ ಆಡುವ ಮಕ್ಕಳ ಉಸಿರು. ಆ ಯುವಕನು ಈಗ ಟ್ಯಾಂಕು ಪೂರ್ತಿ ತುಂಬಿಸಿ, ಮುಂದಿನ ಸಲ ತುಂಬಿಸುವವರೆಗೆ ಲೆಕ್ಕ ಬರೆದಿಡುತ್ತಾನೆ. ತಪ್ಪಿದ ಕಂತನ್ನೂ ತೀರಿಸಿದ್ದಾನೆ. ಉಪಾಯ ಹೇಳುವವರು ಬಂದರೆ ಮೊದಲು ಆ ಪುಸ್ತಕವನ್ನು ತೆರೆದು ಅವರ ಮುಂದಿಡುತ್ತಾನಂತೆ. ಕಾರುಳ್ಳ ಪ್ರತಿಯೊಂದು ಮನೆಯಲ್ಲಿಯೂ ಅಂತಹ ಒಂದು ಪುಸ್ತಕವಿರಲಿ ಎಂದು ನಾವು ಹಾರೈಸುತ್ತೇವೆ.