ಎಂಎಸ್ಸಿಗೆ ಸೇರಿ ಎಂಜಿನಿಯರ್ ಆಗೋದು ಹೇಗೆ?

ವಾಸ್ಕೊ: ಝುವಾರಿನಗರದ ಬಸ್ ಸ್ಟಾಪಿನಲ್ಲಿ ಐದು ನಿಮಿಷ ನಿಂತರೆ ಸಾಕು, ಉತ್ತರ ಕರ್ನಾಟಕದ ಕನ್ನಡ ಕಿವಿಗೆ ಬೀಳುತ್ತದೆ. ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿ ಇಲ್ಲೇ ಓದುತ್ತಿದ್ದಾರೆ. ಇದೇ ಝುವಾರಿನಗರದಲ್ಲಿ 2004ರಿಂದ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ ಇದೆ. ದಿನಾ ಅದರ ಗೇಟಿನ ಮುಂದೆ ಓಡಾಡುವ ನಮ್ಮ ಮಂದಿಗೆ ಒಳಗೆ ಹೋಗುವ ದಾರಿ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಹನ್ನೆರಡನೇ ತರಗತಿ ಮುಗಿಸಿ ಅರ್ಜಿ ಹಾಕಿದವರ ಮನೆಯಲ್ಲಿ ಏಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: 'ಎಂಜಿನಿಯರಿಂಗ್ ಕೇಳಿದ್ರ ಎಂಎಸ್ಸಿ ಸೀಟು ಬಂದೈತಿ. ಸೇರಸೋಣೋ, ಬಿಡೋಣೋ?'

ಉತ್ತರ ಹೇಳುವ ಮೊದಲು ಈ ಎಂಎಸ್ಸಿ ಎಂದರೆ ಏನು ಎಂಬುದನ್ನು ತಿಳಿಯಬೇಕು. ಇದು ಬಿಎಸ್ಸಿ ಮುಗಿಸಿದ ಮೇಲೆ ಸೇರುವ ಎಂಎಸ್ಸಿ ಅಲ್ಲ. ಹನ್ನೆರಡನೇ ತರಗತಿ ಆದ ಕೂಡಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಅಥವಾ ಅರ್ಥಶಾಸ್ತ್ರಕ್ಕೆ ಸೇರಬಹುದು. ಮೊದಲನೇ ವರ್ಷದ ಕೊನೆಗೆ ಇದರ ಜೊತೆಗೆ ಬಿಇ ಪದವಿಯೂ ಸೇರಿಕೊಳ್ಳುತ್ತದೆ. ಒಟ್ಟು 5 ವರ್ಷ, ಕೈಗೆ ಎರಡು ಪದವಿ. ಇದಕ್ಕೇ ಡ್ಯುಯಲ್ ಡಿಗ್ರಿ ಎನ್ನುತ್ತಾರೆ.

ಮೊದಲ ಬಾಗಿಲು

ಒಳಗೆ ಹೋಗಲು ಬಿಟ್‌ಸ್ಯಾಟ್ ಪರೀಕ್ಷೆ ಬರೆಯಬೇಕು. ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ ಶೇ. 75 ಅಂಕ ಇರಬೇಕು. ಮೂರರಲ್ಲಿ ಯಾವುದರಲ್ಲೂ ಶೇ. 60ಕ್ಕಿಂತ ಕಡಿಮೆ ಆಗಬಾರದು. ಬಿಟ್‌ಸ್ಯಾಟ್‌ನಲ್ಲಿ ಎಷ್ಟೇ ಅಂಕ ಬಂದರೂ ಬೋರ್ಡ್ ಪರೀಕ್ಷೆಯಲ್ಲಿ ಇಷ್ಟು ಬಾರದಿದ್ದರೆ ಸೀಟಿಲ್ಲ. ಪ್ರವೇಶ ಪರೀಕ್ಷೆಯ ಕೋಚಿಂಗಿಗೆ ಬಿದ್ದು ಬೋರ್ಡ್ ಪರೀಕ್ಷೆ ಮರೆಯುವವರು ಇದನ್ನು ನೆನಪಿಡಬೇಕು.

ಈಗಿನ ಬಿಟ್‌ಸ್ಯಾಟ್ 3 ತಾಸಿನ ಕಂಪ್ಯೂಟರ್ ಪರೀಕ್ಷೆ. ಪ್ರಶ್ನೆ 130, ಅಂಕ 390. ಸರಿ ಉತ್ತರಕ್ಕೆ 3 ಅಂಕ, ತಪ್ಪಿದರೆ 1 ಅಂಕ ಕಡಿತ. 2022ರಿಂದ ವರ್ಷಕ್ಕೆ ಎರಡು ಸಲ ಬರೆಯಲು ಅವಕಾಶವಿದ್ದು, ಎರಡರಲ್ಲಿ ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ, ಅದರಲ್ಲಿ ಇಂಗ್ಲಿಷ್ ಭಾಷೆಯ ಪ್ರಶ್ನೆಗಳೂ ಬರುತ್ತವೆ. ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳು ಇದಕ್ಕೆ ಮುಂಚಿನಿಂದಲೇ ತಯಾರಾಗುವುದು ಒಳ್ಳೆಯದು.

ನಮ್ಮಂಥ ಹೊರನಾಡಿನವರಿಗೆ ಒಂದು ಸಮಾಧಾನ ಉಂಟು. ಕರ್ನಾಟಕದ ಸಿಇಟಿಗೆ ಹೊರನಾಡು ಅಥವಾ ಗಡಿನಾಡು ಕನ್ನಡಿಗರಾಗಿ ಹೋದರೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಎನ್‌ಐಟಿಗಳಲ್ಲಿ ರಾಜ್ಯದ ಕೋಟಾ ಇದ್ದು, ಹನ್ನೆರಡನೇ ತರಗತಿ ಯಾವ ರಾಜ್ಯದಲ್ಲಿ ಪಾಸಾಗಿದ್ದೀರಿ ಎಂಬುದರ ಮೇಲೆ ಅದು ನಿಂತಿದೆ. ಬಿಟ್ಸ್‌ನಲ್ಲಿ ರಾಜ್ಯದ ಕೋಟಾ ಇಲ್ಲ. ಗೋವಾ ಬೋರ್ಡಾಗಲಿ, ಕೇರಳ, ಮಹಾರಾಷ್ಟ್ರದ ಬೋರ್ಡಾಗಲಿ, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಜಾತಿ ಆಧಾರದ ಮೀಸಲಾತಿಯೂ ಇಲ್ಲ, ಅದು ಬೇಕಾದವರು ಐಐಟಿ, ಎನ್‌ಐಟಿ ಕಡೆ ನೋಡಬೇಕು.

ಎರಡನೇ ಬಾಗಿಲು

ಬಹಳ ಪಾಲಕರು ಎಡವುವುದು ಇಲ್ಲಿ. 'ಎಂಎಸ್ಸಿಗೆ ಸೇರಿದ್ರಾತು, ಕಂಪ್ಯೂಟರ್ ಸೈನ್ಸ್ ಹೆಂಗೂ ಕೊಡ್ತಾರ' ಅಂತ ಯಾರೋ ಹೇಳಿರುತ್ತಾರೆ. ಆ ಮಾತು ನಂಬಬೇಡಿ. ಸೇರುವಾಗ ಕೈಗೆ ಬರುವುದು ಎಂಎಸ್ಸಿ ಸೀಟು. ಬಿಇಯಲ್ಲಿ ಯಾವ ಬ್ರಾಂಚ್ ಎಂಬುದು ಅವತ್ತು ಯಾರಿಗೂ ಗೊತ್ತಿರುವುದಿಲ್ಲ.

ಮೊದಲನೇ ವರ್ಷದ ಕೊನೆಗೆ ವಿದ್ಯಾರ್ಥಿಗಳು ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಕೆಮಿಕಲ್ ಮುಂತಾದ ಬ್ರಾಂಚುಗಳಲ್ಲಿ ತಮ್ಮ ಆದ್ಯತೆ ತಿಳಿಸುತ್ತಾರೆ. ಹಂಚಿಕೆ ಆಗುವುದು ಸಿಜಿಪಿಎ ಪ್ರಕಾರ, ಅಂದರೆ ಆ ವರ್ಷದ ಎಲ್ಲ ವಿಷಯಗಳ ಗ್ರೇಡುಗಳಿಂದ 10ಕ್ಕೆ ಲೆಕ್ಕ ಹಾಕಿದ ಸರಾಸರಿ. ಮೇಲಿದ್ದವರು ಮೊದಲು ಆರಿಸುತ್ತಾರೆ, ಕೆಳಗಿದ್ದವರಿಗೆ ಉಳಿದದ್ದು. ಬಿಟ್‌ಸ್ಯಾಟ್ ಅಂಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿಜವಾದ ಪ್ರವೇಶ ಪರೀಕ್ಷೆ ಆ ಮೊದಲನೇ ವರ್ಷವೇ.

ಆ ವರ್ಷದ ಪಾಠ ಬಿಇಯವರಿಗೂ ಎಂಎಸ್ಸಿಯವರಿಗೂ ಒಂದೇ. ಗಣಿತ, ಕಂಪ್ಯೂಟರ್ ಪ್ರೋಗ್ರಾಮಿಂಗ್, ಎಂಜಿನಿಯರಿಂಗ್ ಗ್ರಾಫಿಕ್ಸ್, ವರ್ಕ್‌ಶಾಪ್ ಎಲ್ಲವೂ ಇರುತ್ತವೆ. ಗ್ರೇಡು ಕೊಡುವಾಗ ತರಗತಿಯ ಉಳಿದವರಿಗೆ ಹೋಲಿಸಿ ನೋಡುತ್ತಾರೆ. ನಿಮ್ಮ ಮಗಳು 70 ತೆಗೆದರೂ ತರಗತಿಯಲ್ಲಿ ಹೆಚ್ಚಿನವರು 80 ತೆಗೆದಿದ್ದರೆ ಗ್ರೇಡು ಇಳಿಯುತ್ತದೆ. ಸಾಲದ್ದಕ್ಕೆ ಹಾಜರಿಯ ಕಡ್ಡಾಯವೂ ಇಲ್ಲ. ಹದಿನೆಂಟರ ವಯಸ್ಸಿನಲ್ಲಿ ಮೊದಲ ಸಲ ಹಾಸ್ಟೆಲ್ ಸೇರಿದ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ ಸಡಿಲ ಬಿಟ್ಟರೆ ಎರಡನೆಯದರಲ್ಲಿ ಏಳುವುದು ಕಷ್ಟ.

ಆದ್ದರಿಂದ ಸೇರಿಸುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ: 'ಬೇಕಾದ ಬ್ರಾಂಚ್ ಸಿಗದಿದ್ದರೂ ಈ ಎಂಎಸ್ಸಿ ವಿಷಯ ಓದ್ತೀಯಾ?' ಹೌದು ಎಂದರೆ ಧೈರ್ಯವಾಗಿ ಸೇರಿಸಿ. ಗಣಿತ ಅಂದ್ರೆ ಆಗೋದೇ ಇಲ್ಲ ಎನ್ನುವ ಹುಡುಗನನ್ನು ಬ್ರಾಂಚಿನ ಆಸೆಗೆ ಎಂಎಸ್ಸಿ ಗಣಿತಕ್ಕೆ ಕಳಿಸಿದರೆ 5 ವರ್ಷವೂ ಅವನಿಗೆ ಶಿಕ್ಷೆ.

ಬೇರೆ ಕಾಲೇಜಿನಿಂದ ಬರಬಹುದೇ?

ಬೇರೆಡೆ ಬಿಇ ಒಂದು ವರ್ಷ ಓದಿ, ಇಲ್ಲಿಯ ಡ್ಯುಯಲ್ ಡಿಗ್ರಿಗೆ ವರ್ಗ ಆಗಬಹುದೇ ಎಂದು ಕೇಳುವವರಿದ್ದಾರೆ. ಅಂಥವರೂ ಬಿಟ್‌ಸ್ಯಾಟ್ ಬರೆದು ಮೊದಲನೇ ವರ್ಷಕ್ಕೇ ಸೇರಬೇಕು. ಅದಕ್ಕೂ ಹನ್ನೆರಡನೇ ತರಗತಿಯನ್ನು ಪರೀಕ್ಷೆಯ ವರ್ಷ ಅಥವಾ ಅದರ ಹಿಂದಿನ ವರ್ಷ ಪಾಸಾಗಿರಬೇಕು. ಎರಡು ವರ್ಷ ಆಚೆ ಕಳೆದವರಿಗೆ ಆ ಬಾಗಿಲು ಮುಚ್ಚಿತು.

ಐಐಟಿಗಳ ಡ್ಯುಯಲ್ ಡಿಗ್ರಿ ಬೇರೆ ತರಹದ್ದು. ಅಲ್ಲಿ ಬಿಟೆಕ್ ಜೊತೆ ಎಂಟೆಕ್ ಸಿಗುತ್ತದೆ. ಜೆಇಇ ಅಡ್ವಾನ್ಸ್ಡ್ ಬರೆದು ನೇರವಾಗಿ ಸೇರಬಹುದು. ಕೆಲವು ಐಐಟಿಗಳಲ್ಲಿ ಬಿಟೆಕ್ ಓದುತ್ತಿರುವವರೇ ಒಳ್ಳೆಯ ಸಿಜಿಪಿಎ ಇದ್ದರೆ ನಡುವೆ ಡ್ಯುಯಲ್ ಡಿಗ್ರಿಗೆ ಬದಲಾಗಬಹುದು. ಅದೂ ಅದೇ ಸಂಸ್ಥೆಯ ವಿದ್ಯಾರ್ಥಿಗಳಿಗೆ ಮಾತ್ರ.

ಐದನೇ ವರ್ಷದ ಖರ್ಚು

ಬಿಟ್ಸ್ ಖಾಸಗಿ ಸಂಸ್ಥೆ, ಶುಲ್ಕ ವರ್ಷಕ್ಕೆ ಹಲವು ಲಕ್ಷ. ನಾಲ್ಕು ವರ್ಷದ ಬಿಇಗಿಂತ ಇಲ್ಲಿ ಒಂದು ವರ್ಷದ ಶುಲ್ಕ, ಹಾಸ್ಟೆಲ್, ಊಟದ ಖರ್ಚು ಹೆಚ್ಚು ಬೀಳುತ್ತದೆ. ಒಂದು ವರ್ಷದ ದುಡಿಮೆಯೂ ಮುಂದೆ ಹೋಗುತ್ತದೆ. ಶೈಕ್ಷಣಿಕ ಸಾಲ ಕೇಳುವಾಗ 5 ವರ್ಷದ ಲೆಕ್ಕವನ್ನೇ ಬ್ಯಾಂಕಿಗೆ ಕೊಡಿ. ನಾಲ್ಕಕ್ಕೆ ಮಂಜೂರು ಮಾಡಿಸಿಕೊಂಡು ಕೊನೆಯ ವರ್ಷ ಪರದಾಡುವುದು ಬೇಡ. ಆದಾಯ ಕಡಿಮೆ ಇದ್ದು ಚೆನ್ನಾಗಿ ಓದುವವರಿಗೆ ಸಂಸ್ಥೆಯಲ್ಲೇ ಶುಲ್ಕ ರಿಯಾಯಿತಿಯ ವಿದ್ಯಾರ್ಥಿವೇತನ ಉಂಟು. ಆದಾಯದ ದಾಖಲೆಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅರ್ಜಿ ತುಂಬುವ ಮೊದಲು ಆ ವರ್ಷದ ಪ್ರಕಟಣೆಯನ್ನು ಇಂಗ್ಲಿಷ್ ಬಲ್ಲವರಿಂದ ಪೂರ್ತಿ ಓದಿಸಿ ಕೇಳಿ. ಎಂಎಸ್ಸಿ ಸೀಟು ಬಂತೆಂದು ಬೇಜಾರಾಗಬೇಕಿಲ್ಲ. ಬಂತು, ಇನ್ನು ಗೆದ್ದೆವು ಎಂದು ಮೈಮರೆಯುವುದೂ ಬೇಡ. ಗೇಟಿನೊಳಗೆ ಹೋದ ಮೇಲೆ ಇನ್ನೊಂದು ಬಾಗಿಲು ಇದೆ ಎಂಬುದು ಮಕ್ಕಳಿಗೂ ಮನೆಯವರಿಗೂ ಮೊದಲ ದಿನದಿಂದಲೇ ಗೊತ್ತಿರಲಿ.