ಎಲ್ಲ ಬ್ರೌಸರ್‌ಗಳೂ ‘ಮೊಜಿಲ್ಲಾ’ ಎನ್ನುವುದೇಕೆ?

ಕ್ರೋಮ್, ಫೈರ್‌ಫಾಕ್ಸ್, ಸಫಾರಿ, ಎಡ್ಜ್ – ಯಾವುದೇ ಬ್ರೌಸರ್ ಆಗಲಿ, ಜಾವಾಸ್ಕ್ರಿಪ್ಟ್‌ನ ‘ನ್ಯಾವಿಗೇಟರ್.ಯೂಸರ್‌ಏಜೆಂಟ್’ ಮೂಲಕ ನೀನು ಯಾರೆಂದು ಕೇಳಿದರೆ ಉತ್ತರ ‘ಮೊಜಿಲ್ಲಾ/5.0’ ಎಂದೇ ಶುರುವಾಗುತ್ತದೆ. ‘ಆಪ್‌ನೇಮ್’ ಎಂದು ಹೆಸರನ್ನೇ ನೇರವಾಗಿ ಕೇಳಿದರೂ ನಾಲ್ಕೂ ‘ನೆಟ್‌ಸ್ಕೇಪ್’ ಎನ್ನುತ್ತವೆ; ಹಾಗೆ ಹೇಳಬೇಕೆಂದು ಎಚ್‌ಟಿಎಂಎಲ್ ಮಾನದಂಡವೇ ವಿಧಿಸಿದೆ. ಈ ಸುಳ್ಳಿನ ಹೊಣೆ ಬ್ರೌಸರ್‌ಗಳಿಗಿಂತ ಹೆಚ್ಚಾಗಿ, ಹೆಸರು ನೋಡಿ ಮಣೆ ಹಾಕಿದ ಜಾಲತಾಣಗಳದ್ದು.

1990ರ ದಶಕದ ನಡುವೆ ನೆಟ್‌ಸ್ಕೇಪ್ ಎಂಬ ಬ್ರೌಸರ್ ತನ್ನನ್ನು ‘ಮೊಜಿಲ್ಲಾ’ ಎಂದು ಹೇಳಿಕೊಳ್ಳುತ್ತಿತ್ತು. ಆ ಹೆಸರು ಕಂಡರೆ ಸರ್ವರ್‌ಗಳು ಹೊಸ ಸೌಲಭ್ಯಗಳಿರುವ ಪುಟ ಕಳಿಸುತ್ತಿದ್ದವು, ಉಳಿದವರಿಗೆ ಸಪ್ಪೆ ಪುಟ. 1995ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಳ್ಳೆಯ ಪುಟ ತನಗೂ ಸಿಗಲೆಂದು ‘ಮೊಜಿಲ್ಲಾ’ ಎಂದಿತು. ಮುಂದೆ ಸಫಾರಿ ‘ಗೆಕ್ಕೊ (ಫೈರ್‌ಫಾಕ್ಸ್‌ನ ಎಂಜಿನ್) ಥರದವನು’ ಎಂದಿತು, 2008ರಲ್ಲಿ ಕ್ರೋಮ್ ಅದೆಲ್ಲವನ್ನೂ ಹೇಳಿ ಕೊನೆಗೆ ಸಫಾರಿ ಎಂದೂ ಸೇರಿಸಿತು, 2015ರಲ್ಲಿ ಎಡ್ಜ್ ಕ್ರೋಮ್‌ನ ಹೆಸರನ್ನೂ ಹೊತ್ತುಕೊಂಡಿತು. ಆವೃತ್ತಿ ಸಂಖ್ಯೆಯೂ ಇದರಿಂದ ಪಾರಾಗಲಿಲ್ಲ. 2009ರಲ್ಲಿ ಒಪೆರಾ 10 ಬಂದಾಗ, ಮೊದಲ ಅಂಕಿಯನ್ನಷ್ಟೇ ಓದುತ್ತಿದ್ದ ಸ್ಕ್ರಿಪ್ಟ್‌ಗಳು ಅದನ್ನು 1 ಎಂದು ತಿಳಿದವು. ಒಪೆರಾ ‘9.80’ ಎಂದು ಬರೆದುಕೊಂಡು, ನಿಜವಾದ ಸಂಖ್ಯೆಯನ್ನು ಸಾಲಿನ ಕೊನೆಗೆ ಸರಿಸಬೇಕಾಯಿತು.

ಕಾರ್ಯಾಚರಣಾ ವ್ಯವಸ್ಥೆಯ ವಿಷಯದಲ್ಲೂ ಈ ಸಾಲನ್ನು ನಂಬುವಂತಿಲ್ಲ. ವಿಂಡೋಸ್ 11 ಇದ್ದರೂ ಅಲ್ಲಿ ಕಾಣುವುದು ‘ವಿಂಡೋಸ್ ಎನ್‌ಟಿ 10.0’, ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್ ಕೂಡ ‘ಇಂಟೆಲ್’ ಎನ್ನುತ್ತದೆ. 2019ರಿಂದ ಐಪ್ಯಾಡ್‌ನ ಸಫಾರಿ ತಾನು ಮ್ಯಾಕ್ ಎಂದೇ ಹೇಳುತ್ತಿದೆ. ಅದನ್ನು ಪತ್ತೆಹಚ್ಚಲು ಪ್ರೋಗ್ರಾಮರ್‌ಗಳು ಕಂಡುಕೊಂಡ ದಾರಿ ನೋಡಿ: ಪರದೆ ಏಕಕಾಲಕ್ಕೆ ಎಷ್ಟು ಬೆರಳುಗಳ ಸ್ಪರ್ಶವನ್ನು ಗ್ರಹಿಸುತ್ತದೆಂದು ಕೇಳುವುದು. ಅಂದರೆ ಗುಟ್ಟು ಬಿಟ್ಟುಕೊಟ್ಟದ್ದು ಸಾಮರ್ಥ್ಯ. ಪುಟಕ್ಕೆ ಬೇಕಿರುವುದು ಸ್ಪರ್ಶವೇ ಆಗಿದ್ದರೆ, ಅದನ್ನು ತಿಳಿದ ಮೇಲೆ ಐಪ್ಯಾಡೋ ಮತ್ತೊಂದೋ ಎಂಬ ವಿಚಾರಣೆ ಏಕೆ? ಸ್ಥಳ ತಿಳಿಸುವ ಸೌಲಭ್ಯ ಇದೆಯೇ, ಈ ವಿನ್ಯಾಸದ ನಿಯಮ ಅರ್ಥವಾಗುತ್ತದೆಯೇ ಎಂದು ಬ್ರೌಸರನ್ನೇ ಪರೀಕ್ಷಿಸಲು ಒಂದು ಸಾಲಿನ ಕೋಡ್ ಸಾಕು. ನಾಳೆ ಹುಟ್ಟುವ ಬ್ರೌಸರಿಗೂ ಆ ಸಾಲು ಸರಿಯಾಗಿಯೇ ಕೆಲಸ ಮಾಡುತ್ತದೆ.

ತಂತ್ರಾಂಶ ಡೌನ್‌ಲೋಡ್ ಮಾಡಿಸುವ ಪುಟಕ್ಕೆ ವಿಂಡೋಸೋ ಮ್ಯಾಕೋ ತಿಳಿಯಬೇಡವೇ ಎಂದು ಕೇಳಬಹುದು. ಅಲ್ಲಿ ಊಹೆ ತಪ್ಪಲ್ಲ, ಉಳಿದ ಕಡತಗಳ ಕೊಂಡಿಗಳೂ ಪಕ್ಕದಲ್ಲಿರಬೇಕು ಅಷ್ಟೆ. 2021ರಲ್ಲಿ ಕ್ರೋಮ್ ತಂದ ‘ಯೂಸರ್‌ಏಜೆಂಟ್‌ಡೇಟಾ’ ಬಳಸಿದರೆ ಉತ್ತರ ಚೊಕ್ಕಟವಾಗಿ ಸಿಗುತ್ತದೆ ಎನ್ನುವವರಿದ್ದಾರೆ. ಆದರೆ ಫೈರ್‌ಫಾಕ್ಸ್, ಸಫಾರಿ ಅದನ್ನು ಒಪ್ಪಿಲ್ಲ. ಅದಕ್ಕೆ ಕಾರಣವಿದೆ: ಇಂಥ ಚೂರುಪಾರು ವಿವರಗಳನ್ನು ಜೋಡಿಸಿಯೇ ಬಳಕೆದಾರರ ಬೆನ್ನುಹತ್ತಬಹುದು. 2010ರಲ್ಲಿ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಸುಮಾರು 4.7 ಲಕ್ಷ ಬ್ರೌಸರ್‌ಗಳನ್ನು ಪರೀಕ್ಷಿಸಿದಾಗ, ಅವುಗಳಲ್ಲಿ ಶೇ 83.6ರಷ್ಟರ ಗುರುತು ಬೇರೆ ಯಾವುದಕ್ಕೂ ಹೊಂದದಷ್ಟು ವಿಶಿಷ್ಟವಾಗಿತ್ತು.

ಗಟ್ಟಿಯಾದ ಆಕ್ಷೇಪ ಒಂದಿದೆ. ಕೆಲವೊಮ್ಮೆ ಸೌಲಭ್ಯ ಇರುತ್ತದೆ, ಆದರೆ ಒಂದು ಆವೃತ್ತಿಯಲ್ಲಿ ಕೆಟ್ಟಿರುತ್ತದೆ; ‘ಇದೆಯೇ’ ಎಂದರೆ ‘ಇದೆ’ ಎಂದೇ ಉತ್ತರ ಬರುತ್ತದೆ. ಆ ದೋಷವನ್ನೇ ಸಣ್ಣ ಪ್ರಯೋಗದಿಂದ ಪತ್ತೆಮಾಡಲು ಆಗದಿದ್ದರೆ ಹೆಸರು ಕೇಳಲೇಬೇಕಾಗುತ್ತದೆ. ಆಗ ಷರತ್ತಿನಲ್ಲಿ ದೋಷವಿರುವ ಕೊನೆಯ ಆವೃತ್ತಿಯ ಸಂಖ್ಯೆಯನ್ನೂ ಬರೆಯಬೇಕು; ಇಲ್ಲವಾದರೆ ರಿಪೇರಿಯಾದ ಬ್ರೌಸರ್ ಬಳಸುವವರಿಗೂ ವರ್ಷಗಟ್ಟಲೆ ಹಳೆಯ ಪುಟವೇ ಸಿಗುತ್ತಿರುತ್ತದೆ.