ಹಾಡುವಂತೆ, ಬಹು ನಿಧಾನವಾಗಿ

1963ರ ನವೆಂಬರ್ ತಿಂಗಳು. ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರು ಗುಂಡಿಗೆ ಬಲಿಯಾಗಿ ಕೆಲವೇ ದಿನಗಳಾಗಿದ್ದವು. ನ್ಯಾಷನಲ್ ಸಿಂಫನಿ ವಾದ್ಯವೃಂದದವರು ಒಬ್ಬ ಶ್ರೋತೃವೂ ಇಲ್ಲದ ಸಭಾಂಗಣದಲ್ಲಿ ಕುಳಿತು ನುಡಿಸಿದರು. ದೇಶದ ಜನ ಅದನ್ನು ರೇಡಿಯೋದಲ್ಲಿ ಆಲಿಸಿದರು. ಕೆನಡಿಯವರ ಪತ್ನಿ ಜಾಕ್ವೆಲಿನ್ ಏರ್ಪಡಿಸಿದ್ದ ಆ ಕಚೇರಿಯಲ್ಲಿ ನುಡಿದ ಕೃತಿ, ಮೃತರಿಗೆ ಬಹು ಪ್ರಿಯವಾಗಿದ್ದ ‘ಅಡಾಜಿಯೊ ಫಾರ್ ಸ್ಟ್ರಿಂಗ್ಸ್’. 1945ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ತೀರಿಕೊಂಡಾಗಲೂ ರೇಡಿಯೋ ಇದನ್ನೇ ಬಿತ್ತರಿಸಿತ್ತು. 2001ರ ಸೆಪ್ಟೆಂಬರ್ 11ರ ದುರಂತದ ನಾಲ್ಕು ದಿನಗಳ ಬಳಿಕ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದ ಕೊನೆಯ ರಾತ್ರಿ ಬಂದಿತು. ಅಂದು ಎಂದಿನ ಸಂಭ್ರಮದ ಕಾರ್ಯಕ್ರಮವನ್ನು ಬದಲಿಸಿ ಇದನ್ನು ನುಡಿಸಲಾಯಿತು.

ಹೀಗೆ ಸಾವಿನ ಮನೆಯ ಸಂಗೀತವೆಂದೇ ಹೆಸರಾದ ಈ ಕೃತಿಯನ್ನು ಬರೆದಾತ ಮಾತ್ರ ಯಾರ ಸಾವನ್ನೂ ಕುರಿತು ಬರೆದಿರಲಿಲ್ಲ. ಸ್ಯಾಮ್ಯುಅಲ್ ಬಾರ್ಬರ್ 1910ರಲ್ಲಿ ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್ ಊರಿನಲ್ಲಿ ಜನಿಸಿದವನು. 1936ರ ಬೇಸಗೆಯನ್ನು ಗೆಳೆಯ ಮೆನೊಟ್ಟಿಯೊಡನೆ ಆಸ್ಟ್ರಿಯದಲ್ಲಿ ಕಳೆಯುತ್ತಿದ್ದಾಗ ನಾಲ್ಕು ತಂತಿವಾದ್ಯಗಳಿಗಾಗಿ ಒಂದು ಕೃತಿಯನ್ನು ರಚಿಸಿದನು. ಆಗ ಅವನಿಗೆ ಇಪ್ಪತ್ತಾರು ವರ್ಷ. ಆ ಕೃತಿಯ ನಡುವಿನ ವಿಲಂಬ ಭಾಗವನ್ನೇ ದೊಡ್ಡ ತಂತಿವಾದ್ಯವೃಂದಕ್ಕೆ ವಿಸ್ತರಿಸಿದಾಗ ಈ ಅಡಾಜಿಯೊ ಹುಟ್ಟಿತು. ನುಡಿಸುವವರಿಗೆ ಅವನು ಕೊಟ್ಟ ಸೂಚನೆ ಇಷ್ಟೆ: ಬಹು ನಿಧಾನವಾಗಿ, ಭಾವಪೂರ್ಣವಾಗಿ, ಹಾಡುವಂತೆ. ದುಃಖವೆಂಬ ಮಾತು ಅಲ್ಲೆಲ್ಲಿಯೂ ಇಲ್ಲ.

ಹಾಗಾದರೆ ಕೇಳಿದವರ ಕಣ್ಣು ತೇವಗೊಳ್ಳುವುದೇಕೆ?

ಮೊದಲು ಶ್ರುತಿಯನ್ನು ನೋಡೋಣ. ಕೃತಿ ಇರುವುದು ಬಿ ಫ್ಲ್ಯಾಟ್ ಮೈನರ್‌ನಲ್ಲಿ. ಬಿ ಫ್ಲ್ಯಾಟ್ ಎಂಬ ಸ್ವರವನ್ನು ಷಡ್ಜವಾಗಿಟ್ಟುಕೊಂಡು ನಮ್ಮ ನಟಭೈರವಿ ಮೇಳದ ಸ್ವರಗಳನ್ನು ನುಡಿಸಿದರೆ ಅದರ ಮೂಲ ಸ್ವರಶ್ರೇಣಿ ದೊರೆಯುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ನಮ್ಮ ವಿದ್ವಾಂಸರು ಪಿಟೀಲಿನ ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿಕೊಳ್ಳುವುದರಿಂದ ಬೆರಳೊತ್ತದ ತಂತಿಯೂ ಜೊತೆಗೂಡಿ ಝೇಂಕರಿಸುತ್ತದೆ. ಪಾಶ್ಚಾತ್ಯರ ಪಿಟೀಲಿನ ತಂತಿಗಳಾದರೋ ಜಿ, ಡಿ, ಎ, ಇ ಸ್ವರಗಳಿಗೆ ಸ್ಥಿರವಾದವು. ಬಿ ಫ್ಲ್ಯಾಟ್ ಮೈನರಿನ ಏಳು ಸ್ವರಗಳಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ! ಹೆಚ್ಚುಕಡಿಮೆ ಪ್ರತಿಯೊಂದು ಸ್ವರವನ್ನೂ ಬೆರಳಿನಿಂದ ಒತ್ತಿಯೇ ಹೊರಡಿಸಬೇಕು. ಬಿಟ್ಟ ತಂತಿಯ ಹೊಳಪಿಲ್ಲದ ಆ ನಾದಕ್ಕೆ ಮುಸುಕು ಹೊದ್ದಂಥ ಛಾಯೆ ತಾನಾಗಿ ಒದಗುತ್ತದೆ.

ಇನ್ನು ನಡೆ. ಪಿಟೀಲುಗಳು ಆಧಾರಸ್ವರವೊಂದನ್ನು ಒಂಟಿಯಾಗಿ ಹಿಡಿದು ನಿಲ್ಲುತ್ತವೆ. ಕ್ಷಣದ ಬಳಿಕ ಕೆಳಗಿನ ವಾದ್ಯಗಳು ಬಂದು ಸೇರುತ್ತವೆ. ಆಮೇಲೆ ರಾಗ ಹಾರುವುದೂ ಇಲ್ಲ, ಕುಣಿಯುವುದೂ ಇಲ್ಲ. ಪಕ್ಕದ ಸ್ವರದಿಂದ ಪಕ್ಕದ ಸ್ವರಕ್ಕೆ, ಕತ್ತಲೆಯಲ್ಲಿ ಗೋಡೆ ಹಿಡಿದು ನಡೆಯುವವರಂತೆ ಏರುತ್ತದೆ. ತೊಡೆ ತಟ್ಟಿ ತಾಳ ಹಾಕಹೊರಟ ರಸಿಕರಿಗೆ ನಿರಾಶೆ ಖಂಡಿತ. ನಾಲ್ಕೆಣಿಕೆಯ ಆವರ್ತದ ಬಳಿಕ ಐದರದು, ಆರರದು, ಒಮ್ಮೊಮ್ಮೆ ಮೂರರದು! ತಾಳವಿಲ್ಲದ ಆಲಾಪನೆಯೆಂದು ಭಾವಿಸಿ ಕುಳಿತರೆ ಮನಸ್ಸಿಗೆ ನೆಮ್ಮದಿ.

ಪಿಟೀಲಿನಿಂದ ರಾಗ ವಯೋಲಾಕ್ಕೆ, ಅಲ್ಲಿಂದ ಚೆಲ್ಲೋಗೆ ದಾಟುತ್ತದೆ. ಕ್ರಮೇಣ ಎಲ್ಲವೂ ತಾರಸ್ಥಾಯಿಯನ್ನು ಮುಟ್ಟಿ, ಬಲವೆಲ್ಲ ಕಮಾನಿಗಿಳಿದು, ಇನ್ನು ಮೇಲೇರಲು ಎಡೆಯಿಲ್ಲವೆನ್ನುವಾಗ ಥಟ್ಟನೆ ಮೌನ. ಕೃತಿಯ ಜೀವ ಈ ಮೌನದಲ್ಲಿದೆಯೆಂದರೆ ತಪ್ಪಾಗಲಾರದು. ಬಳಿಕ ಮೊದಲಿನ ರಾಗವೇ ಬಳಲಿದ ದನಿಯಲ್ಲಿ ಮರಳುತ್ತದೆ. ಆದರೆ ಷಡ್ಜಕ್ಕೆ ಬಂದು ವಿಶ್ರಮಿಸುವುದಿಲ್ಲ. ಪಂಚಮವನ್ನು ಆಧರಿಸಿದ ಸ್ವರಮೇಳದಲ್ಲಿ ಕ್ಷೀಣಿಸಿ ಅಡಗಿಹೋಗುತ್ತದೆ. ಮನೆಯ ಹೊಸ್ತಿಲಿನವರೆಗೆ ಬಂದವರು ಒಳಗೆ ಕಾಲಿಡದೆ ನಿಂತಂತೆ.

ಕೃತಿಯನ್ನು ಲೋಕಕ್ಕೆ ಪರಿಚಯಿಸಿದವರು ಇಟಲಿಯ ಪ್ರಸಿದ್ಧ ವೃಂದನಿರ್ದೇಶಕ ತೊಸ್ಕನೀನಿ. 1938ರ ಆರಂಭದಲ್ಲಿ ಬಾರ್ಬರ್ ಕಳುಹಿಸಿದ್ದ ಹಸ್ತಪ್ರತಿ ಒಂದು ಮಾತಿನ ಉತ್ತರವೂ ಇಲ್ಲದೆ ಹಿಂದಿರುಗಿತು. ತರುಣನಿಗೆ ಅವಮಾನವಾಯಿತು. ಆ ಬೇಸಗೆಯಲ್ಲಿ ಮೆನೊಟ್ಟಿ ತೊಸ್ಕನೀನಿಯವರನ್ನು ಕಾಣಹೋದಾಗ ಇವನು ಜೊತೆಗೆ ಹೋಗಲೇ ಇಲ್ಲ. ಗೆಳೆಯನಿಗೆ ಮೈ ಸರಿಯಿಲ್ಲವೆಂದು ಮೆನೊಟ್ಟಿ ಹೇಳಿದ ನೆಪವನ್ನು ಹಿರಿಯರು ನಂಬಲಿಲ್ಲ. ಕೃತಿಯನ್ನು ನುಡಿಸುವುದಾಗಿ ಹೇಳಿಕಳುಹಿಸಿದರು. ಪ್ರತಿಯನ್ನು ಮರಳಿಸಿದ್ದು ಅದು ಆಗಲೇ ಬಾಯಿಪಾಠವಾಗಿದ್ದುದರಿಂದ! ಅದೇ ವರ್ಷ ನವೆಂಬರ್ 5ರಂದು ನ್ಯೂಯಾರ್ಕಿನಿಂದ ಅವರ ವಾದ್ಯವೃಂದ ಅದನ್ನು ರೇಡಿಯೋದಲ್ಲಿ ನುಡಿಸಿತು.

ಸಾಮಾನ್ಯವಾಗಿ ಇದನ್ನು ಏಳೆಂಟು ನಿಮಿಷಗಳಲ್ಲಿ ನುಡಿಸುತ್ತಾರೆ. ಲಿಯೊನಾರ್ಡ್ ಬರ್ನ್‌ಸ್ಟೈನರ ಧ್ವನಿಮುದ್ರಿಕೆಯೊಂದು ಹತ್ತು ನಿಮಿಷಗಳ ಸಮೀಪಕ್ಕೆ ಹೋಗುತ್ತದೆ. ಅದರ ಗಾಂಭೀರ್ಯ ದೊಡ್ಡದೇ. ಆದರೆ ಶೋಕದ ಭಾರ ಹೆಚ್ಚಲೆಂದು ಗತಿಯನ್ನು ಎಳೆದಷ್ಟೂ ‘ಹಾಡುವಂತೆ’ ಎಂಬ ಸೂಚನೆ ಹಿಂದೆ ಬೀಳುತ್ತದೆ. ಉಸಿರು ಹಿಡಿದು ಹಾಡಲಾರದ ಸಾಲು ಹಾಡೆನಿಸೀತೇ?

ಇದಕ್ಕೆ ಬಾರ್ಬರನೇ ಒಂದು ಬಗೆಯಲ್ಲಿ ಉತ್ತರ ಕೊಟ್ಟಿದ್ದಾನೆ. 1967ರಲ್ಲಿ ಅವನು ಇದೇ ಸಂಗೀತಕ್ಕೆ ‘ಆಗ್ನುಸ್ ದೇಯಿ’ ಎಂಬ ಲ್ಯಾಟಿನ್ ಪ್ರಾರ್ಥನೆಯ ಮಾತುಗಳನ್ನು ಜೋಡಿಸಿ, ಎಂಟು ಭಾಗಗಳ ಗಾಯಕವೃಂದಕ್ಕೆ ಒಪ್ಪಿಸಿದನು. ರಾಗವೂ ಅದೇ, ತುದಿಯ ಮೌನವೂ ಅದೇ. ಕಮಾನನ್ನು ತಿರುಗಿಸಿ ಸ್ವರವನ್ನು ಮುಂದುವರಿಸುವ ಅನುಕೂಲ ಗಾಯಕರಿಗಿಲ್ಲ. ಒಬ್ಬರು ಉಸಿರೆಳೆದುಕೊಳ್ಳುವಾಗ ಪಕ್ಕದವರು ಸ್ವರವನ್ನು ಬಿಡದೆ ಹಿಡಿದಿರುತ್ತಾರೆ.